ರೆಪ್ಪೆ ಬಡಿಯದ ನಲವತ್ತು ಚಿತ್ರಗಳು

"ಸ್ವಲ್ಪ ನಗಿ ಸರ್."

"ನಗ್ತಾನೇ ಇದ್ದೀನಲ್ಲ."

ಅವಳು ಕ್ಯಾಮೆರಾ ಕೆಳಗಿಳಿಸಿ ನೋಡಿದಳು. ಆ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಗುರುತಿನ ಚೀಟಿಗೆ ಫೋಟೊ ತೆಗೆಸಲು ತನ್ನ ಸ್ಟುಡಿಯೊಗೆ ಬಂದ ಈ ಮರಗೆಲಸದ ಮೇಷ್ಟ್ರು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಒಳಗೊಳಗೇ ಕುದಿದಳು. ಹೊರಡುವಾಗ ಅವನು ಅಲುಗಾಡುತ್ತಿದ್ದ ಸ್ಟೂಲನ್ನು ಬಗ್ಗಿ ನೋಡಿ, ಕೇಳದೆಯೇ ಸರಿಮಾಡಿಕೊಟ್ಟ. ಸಿಟ್ಟು ಅಲ್ಲಿಗೇ ಇಳಿಯಿತು.

ಎಂಟು ತಿಂಗಳಲ್ಲಿ ಮಾತು ಮದುವೆಯವರೆಗೆ ಬಂತು. ಆದರೆ ಅವಳು ಒಪ್ಪಿಗೆ ಹೇಳಿದ ಸಂಜೆಯೂ ಅವನ ಮುಖ ಕದಲಲಿಲ್ಲ.

"ಗೋಡೆ ಜೊತೆ ಸಂಸಾರ ಮಾಡ್ತೀಯೇನೇ?" ಎಂದು ಅಕ್ಕ ಚುಚ್ಚಿದಳು.

ಇವನಿಗೆ ನಾನು ಬೇಕೋ, ಬೇಡವೋ... ಆ ಅನುಮಾನ ಅವಳನ್ನು ತಿನ್ನತೊಡಗಿತು.

ಮದುವೆಗೆ ಮೂರು ವಾರವಿರುವಾಗ ಅವನ ಸಂದೇಶ ಬಂತು. ಈ ಮದುವೆ ಬೇಡ, ಕ್ಷಮಿಸಿ.

ಅಳುತ್ತಲೇ ಅವನ ಚಿತ್ರಗಳನ್ನು ಅಳಿಸಲು ಕುಳಿತಳು. ನಲವತ್ತು ಚಿತ್ರಗಳು... ಬೆರಳು ತಟ್ಟನೆ ನಿಂತಿತು. ಯಾರನ್ನೇ ತೆಗೆದರೂ ಹತ್ತರಲ್ಲಿ ಒಂದೆರಡು ಕಣ್ಣುಮುಚ್ಚಿ ಹಾಳಾಗುತ್ತವೆ. ಇವನದು ಒಂದೂ ಇಲ್ಲ. ಅವನು ನಡೆದುಬರುವ ವಿಡಿಯೊ ಹಾಕಿದಳು. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಂತಿತ್ತು.

ಇದು ಸ್ವಭಾವವಲ್ಲ, ಮೈಯಲ್ಲೇ ಏನೋ ಆಗಿದೆ ಎಂದು ಅವಳಿಗೆ ಹೊಳೆಯಿತು.

ಮಧ್ಯಾಹ್ನವೇ ಅವನ ಕಾರ್ಯಾಗಾರಕ್ಕೆ ಹೋದಳು. ಕಲಿಯುವವರೆಲ್ಲ ಊಟಕ್ಕೆ ಎದ್ದಿದ್ದರು. ಅವನೊಬ್ಬನೇ ಇದ್ದ.

"ನಿಮಗೆ ಏನಾಗಿದೆ ಮೇಷ್ಟ್ರೇ?"

ಅವನು ಉಳಿಯನ್ನು ಕೆಳಗಿಟ್ಟ. "ಹೋದ ವಾರ ಗೊತ್ತಾಯ್ತು. ಪಾರ್ಕಿನ್ಸನ್ಸ್."

"ಕೈ ನಡುಗ್ತಾನೇ ಇಲ್ವಲ್ಲ?"

ಎಲ್ಲರಿಗೂ ನಡುಕವೇ ಮೊದಲು ಬರುವುದಿಲ್ಲವಂತೆ. ಅವನಿಂದ ಮೊದಲು ದೂರವಾದದ್ದು ವಾಸನೆ. ಕೊಯ್ದ ಮರದ ಘಮ ಮೂಗಿಗೆ ಹತ್ತದೆ ಎರಡು ವರ್ಷವಾಗಿತ್ತು. ಆಮೇಲೆ ಬಲಭುಜ ಬಿಗಿಯಿತು. ಬರೆಯುತ್ತ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಇರುವೆಯಷ್ಟಾಗುತ್ತಿತ್ತು. ನಗು ಮುಖದವರೆಗೆ ಬರದಾಯಿತು, ರೆಪ್ಪೆ ಬಡಿಯುವುದೂ ಅಪರೂಪವಾಯಿತು. ಮೈಯ ಚಲನೆಗೆ ಬೇಕಾದ ಡೋಪಮೈನ್ ತಯಾರಿಸುವ ಮಿದುಳಿನ ಕೋಶಗಳು ಸಾಯುತ್ತಿವೆ ಎಂದಿದ್ದರು ವೈದ್ಯರು. ವಾರ್ನಿಷ್ ವಾಸನೆ ಕುಡಿದದ್ದಕ್ಕೆ ಹೀಗಾಯಿತೇ ಎಂದು ಇವನು ಕೇಳಿದ್ದ. ಕೆಲವರಲ್ಲಿ ವಂಶದಿಂದ ಬರುತ್ತದೆ, ಕೀಟನಾಶಕದಂಥ ವಿಷಗಳ ಮೇಲೂ ಅನುಮಾನವಿದೆ, ಆದರೆ ಹೆಚ್ಚಿನವರಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು ಎಂಬ ಉತ್ತರ ಸಿಕ್ಕಿತ್ತು. ಮಾತ್ರೆಯಿಂದ ಹಿಡಿತದಲ್ಲಿಡಬಹುದು, ಪೂರ್ತಿ ವಾಸಿಮಾಡಲಾಗದು.

"ನಾನು ಎಷ್ಟೇ ಖುಷಿಯಾಗಿದ್ರೂ ನಿಮಗೆ ಕಾಣಿಸಲ್ಲ," ಎಂದ ಅವನು. "ದಿನಾ ನಿಮ್ಮ ಮನಸ್ಸು ಹಿಂಡ್ತಾ ಬದುಕೋದು ನನ್ನಿಂದಾಗಲ್ಲ."

"ಕಾಣದಿದ್ರೆ ಬಾಯಿಬಿಟ್ಟು ಹೇಳಿ. ಈಗಲೇ ಹೇಳಿ, ಒಳಗೇನಿದೆ?"

ಅವನು ಅವಳತ್ತ ತಿರುಗಿದ.

"ಭಯ. ನೀವು ನಿಜವಾಗ್ಲೂ ಹೋಗಿಬಿಡ್ತೀರೇನೋ ಅಂತ."

ಅವಳ ಕಣ್ಣು ತುಂಬಿತು. "ನನಗೂ ಭಯಾನೇ. ನಾನು ಮೊದಲಿಂದಲೂ ಪುಕ್ಕಲಿ. ಒಬ್ಬಳೇ ಹೆದರಿ ಸಾಕಾಗಿದೆ ಮೇಷ್ಟ್ರೇ. ಇನ್ಮೇಲೆ ಜೊತೇಲಿ ಹೆದರೋಣ."

ಅವನು ನಿಧಾನವಾಗಿ, ತುಂಬ ನಿಧಾನವಾಗಿ ಕೈ ಚಾಚಿದ. ಅವಳು ಮುಂದೆ ಬಂದು ಹಿಡಿಯಲಿಲ್ಲ. ಉಸಿರು ಬಿಗಿಹಿಡಿದು ಕಾದಳು...

"ತಡ ಆಯ್ತು," ಎಂದ, ಬೆರಳು ಬೆರಳನ್ನು ಮುಟ್ಟಿದಾಗ.

"ಬಂತಲ್ಲ," ಎಂದಳು ಅವಳು.