ಅತ್ತಿಗೆ ಕೊಟ್ಟ ವೀಸಾ

"ಈಗಲೇ ಬೇಕಿತ್ತಾ ಇದು?"

ಅತ್ತಿಗೆಯ ಬಾಯಿಂದ ಬಂದ ಮೊದಲ ಮಾತೇ ಇದು! ಊಟದ ಮೇಜಿನ ಪಕ್ಕ ನೀರು ಬಡಿಸಲು ನಿಂತಿದ್ದ ಅವಳು ಜಗ್ಗನ್ನು ಕೆಳಗಿಟ್ಟಳು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹೊಟ್ಟೆಯಲ್ಲೊಂದು ಜೀವ ಮೂಡಿದ ಸುದ್ದಿಯನ್ನು ಗಂಡ ಎಷ್ಟು ಆಸೆಯಿಂದ ತನ್ನ ಅಕ್ಕನಿಗೆ ಹೇಳಿದ್ದ! ಈಗ ಅವನು ತಟ್ಟೆಯಲ್ಲೇ ಕಣ್ಣು ನೆಟ್ಟು ಕೂತುಬಿಟ್ಟ.

"ಮುಂದಿನ ತಿಂಗಳು ನಿನ್ನ ವೀಸಾ ನವೀಕರಣ. ಪೂರ್ತಿ ಹೊತ್ತು ದುಡಿಯೋಳು ಅಂತ ನಾನು ಸಹಿ ಹಾಕಬೇಕು. ನೆನಪಿರಲಿ," ಎಂದು ಅತ್ತಿಗೆ ಕೈ ತೊಳೆಯಲು ಎದ್ದರು.

ಅವಳು ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ಪಿಂಗಾಣಿ ಹಲ್ಲು ಮಾಡಿದಳೆಂದರೆ ಪಕ್ಕದ ನಿಜವಾದ ಹಲ್ಲೇ ನಾಚಬೇಕು! "ಈ ಊರಲ್ಲಿ ಅರ್ಧ ಜನ ನಗೋದು ನನ್ನ ಹೆಂಡ್ತಿ ಹಲ್ಲಲ್ಲಿ" ಎಂದು ಗಂಡ ತಮಾಷೆ ಮಾಡುತ್ತಿದ್ದ. ಆ ಕೈಚಳಕ ನಂಬಿಯೇ ಅತ್ತಿಗೆ ತಮ್ಮ ಲ್ಯಾಬಿನ ಹೆಸರಲ್ಲಿ ವೀಸಾ ಮಾಡಿಸಿ ಅವಳನ್ನು ಈ ದೇಶಕ್ಕೆ ಕರೆಸಿಕೊಂಡಿದ್ದರು. ಅವಳ ವೀಸಾದ ಬಾಲ ಹಿಡಿದು ಬಂದ ಗಂಡನಿಗೆ ಇಲ್ಲಿ ದುಡಿಯುವ ಹಕ್ಕಿಲ್ಲ. ಲ್ಯಾಬು ಬಿಟ್ಟರೆ ಇಬ್ಬರೂ ದೇಶ ಬಿಡಬೇಕು. ಕೆಳಗೆ ಲ್ಯಾಬು, ಮೇಲೆ ಮನೆ... ಮೆಟ್ಟಿಲು ಇಳಿದರೂ ಅತ್ತಿಗೆ, ಹತ್ತಿದರೂ ಅತ್ತಿಗೆ! ಗುಟ್ಟಾಗಿ ಇನ್ನೊಂದು ಲ್ಯಾಬಿನಲ್ಲಿ ವಿಚಾರಿಸಿದಾಗ ಅಲ್ಲಿನ ಯಜಮಾನ ಅವಳ ಕೆಲಸ ನೋಡಿ ಬೆರಗಾಗಿ, ಕೊನೆಗೆ ಕೈ ಚೆಲ್ಲಿದ್ದ. "ಕೆಲಸ ಕೊಡ್ತೀನಮ್ಮ, ವೀಸಾ ಕೊಡೋ ತಾಕತ್ತಿಲ್ಲ."

ಮಾಡಿದ ಹಲ್ಲನ್ನು ಯಂತ್ರದಲ್ಲಿ ಉಜ್ಜಿ ನಯ ಮಾಡುವ ಒಳಕೋಣೆಗೆ ಕಿಟಕಿ ಇರಲಿಲ್ಲ. ಯಂತ್ರ ತಿರುಗಿದರೆ ಹಿಟ್ಟಿನಂಥ ಧೂಳು, ಮೂಗನ್ನು ಇರಿಯುವ ದ್ರಾವಣದ ಘಾಟು. ಅದರಿಂದ ದೂರವಿರಬೇಕೆಂದು ಹೆರಿಗೆಯ ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದರು. "ಮಾಸ್ಕ್ ಇದೆಯಲ್ಲ, ಹಾಕ್ಕೋ" ಎಂದರು ಅತ್ತಿಗೆ. ಅವಳು ಮಾಸ್ಕ್ ಕಟ್ಟಿಕೊಂಡು ಯಂತ್ರದ ಮುಂದೆ ಕೂತಳು. ಒಂದು ಮಧ್ಯಾಹ್ನ ಕಣ್ಣು ಕತ್ತಲಿಟ್ಟು ಯಂತ್ರದ ಮೇಲೆಯೇ ವಾಲಿದಳು. ಎಚ್ಚರವಾದಾಗ ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ.

"ಅಕ್ಕಾ, ಸಾಕು! ನಾವು ಹೋಗ್ತೀವಿ!"

"ಎಲ್ಲಿಗೋ ಹೋಗ್ತೀಯ? ಅಲ್ಲಿ ನಿಂಗೆ ಏನಿದೆ?" ಅತ್ತಿಗೆಯ ದನಿ ಏರಿತು, ಆಮೇಲೆ ಒಡೆಯಿತು. "ನಾನೂ ಒಬ್ಬರ ಕೈಕೆಳಗೆ ಇಂಥ ವೀಸಾದಲ್ಲೇ ಬಂದೋಳು... ಬಸುರಿ ಅಂತ ಹೇಳೋಕೂ ಹೆದರಿ, ಇಂಥದೇ ಯಂತ್ರದ ಮುಂದೆ ಕೂತೆ. ಉಳೀಲಿಲ್ಲ ಮಗು... ಮಾರನೇ ವಾರ ಮತ್ತೆ ಕೆಲಸಕ್ಕೆ ಹೋದೆ!" ಅತ್ತಿಗೆ ಅವಳತ್ತ ತಿರುಗಿದರು. " ನಾನು ಕೂತಿಲ್ವಾ? ನಿನ್ನ ಕೈಲಿ ಯಾಕಾಗಲ್ಲ?"

ಅವಳು ನಿಧಾನವಾಗಿ ಎದ್ದು ಕೂತಳು. ಕೋಪ ಬರಬೇಕಿತ್ತು, ಬರಲಿಲ್ಲ.

"ಕೂತು ಏನು ಉಳಿಸ್ಕೊಂಡ್ರಿ, ಅತ್ತಿಗೆ?"

ಅತ್ತಿಗೆ ಸುತ್ತ ನೋಡಿದರು. ಲ್ಯಾಬು, ಮಹಡಿ, ಬಾಗಿಲ ಮೇಲಿನ ಹೆಸರು ಎಲ್ಲವೂ ಇತ್ತು... ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು.

ಮರುದಿನ ಅವಳು ಕೆಳಗಿಳಿದಾಗ ಒಳಕೋಣೆಯ ಯಂತ್ರ ಆಗಲೇ ತಿರುಗುತ್ತಿತ್ತು. ವರ್ಷಗಳಿಂದ ಅದನ್ನು ಮುಟ್ಟದಿದ್ದ ಅತ್ತಿಗೆ ಕೂದಲಿಗೆ ಬಟ್ಟೆ ಸುತ್ತಿ, ಪಿಂಗಾಣಿ ಹಲ್ಲನ್ನು ಯಂತ್ರಕ್ಕೆ ಹಿಡಿದು ಉಜ್ಜುತ್ತಿದ್ದರು. "ಈ ಕಡೆ ಬರಬೇಡ! ಹೊರಗಡೆ ಮೇಜಲ್ಲಿ ಮೇಣದ ಹಲ್ಲು ತಿದ್ದೋ ಕೆಲಸ ಮಾಡು," ಎಂದು ತಿರುಗಿಯೂ ನೋಡದೆ ಗದರಿದರು.

ನವೀಕರಣದ ಅರ್ಜಿಗೆ ಅತ್ತಿಗೆ ಸಹಿ ಹಾಕಿದರು. ಪೂರ್ತಿ ಹೊತ್ತಿನ ಕೆಲಸ, ಇದೇ ಲ್ಯಾಬು, ಇನ್ನೂ ಎರಡು ವರ್ಷ. ಅವಳು ಲೇಖನಿ ಹಿಡಿದು ಅರ್ಜಿಯನ್ನು ಮತ್ತೊಮ್ಮೆ ಓದಿದಳು. ಅತ್ತಿಗೆ ಹಂಗಿಸುತ್ತಿದ್ದಾಗ, ಒಂದು ದಿನ ಎಲ್ಲವನ್ನೂ ಅವರ ಮುಖಕ್ಕೆಸೆದು ಹೊರಟುಬಿಡುವ ಕನಸಾದರೂ ಇತ್ತು. ಈಗ ಬಾಗಿಲಾಚೆ ಆ ಹಿರಿಯ ಜೀವ ಧೂಳು ಕುಡಿದು ಕೆಮ್ಮುತ್ತಿರುವಾಗ ಹೊರಡುತ್ತೇನೆಂದು ಯಾವ ಬಾಯಲ್ಲಿ ಹೇಳಲಿ?

"ಏನು ಯೋಚನೆ?" ಗಂಡ ಮೆಲ್ಲಗೆ ಕೇಳಿದ.

"ಏನಿಲ್ಲ... ಅಕ್ಕನಿಗೆ ಒಂದು ಲೋಟ ಬಿಸಿನೀರು ಕೊಟ್ಟು ಬನ್ನಿ," ಎಂದವಳೇ, ಅತ್ತಿಗೆಯ ಸಹಿಯ ಕೆಳಗೆ ತನ್ನ ಹೆಸರು ಬರೆದಳು.