ಇಳಿಯುತ್ತಿದ್ದ ಗೆರೆ

ಬ್ಯಾಂಡೇಜು ಬಿಚ್ಚುತ್ತಿದ್ದ ನರ್ಸ್ ತಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿದಳು. ವಾಸನೆ ವಾರ್ಡಿನ ಬಾಗಿಲವರೆಗೂ ಹಬ್ಬಿತು.

ಡಾಕ್ಟರ್ ಶ್ರೀವಿದ್ಯಾ ಬಗ್ಗಿ ನೋಡಿದರು. ದೀಪುವಿನ ಸೊಂಟದ ಕೆಳಗೆ ನಿಂಬೆಹಣ್ಣಿನಗಲದ ಹಾಸಿಗೆ ಹುಣ್ಣು. ಅಂಚು ಕಪ್ಪಾಗಿತ್ತು, ಆಳದಲ್ಲಿ ಕೀವು. ಜ್ವರಕ್ಕೆ ಅವನ ಮೈ ಸುಡುತ್ತಿತ್ತು.

ಇದು ಹೇಗೆ ಸಾಧ್ಯ?

ಅವರು ಫೋನ್ ತೆಗೆದರು. ಗಾಯ ಅಳೆಯುವ ಆಪ್‌ನಲ್ಲಿ ದೀಪುವಿನ ಹುಣ್ಣಿನ ಅಳತೆ ತೋರಿಸುವ ಗೆರೆ ವಾರದಿಂದ ವಾರಕ್ಕೆ ಇಳಿಯುತ್ತಲೇ ಬಂದಿತ್ತು. ಅದರ ಲೆಕ್ಕದಲ್ಲಿ ಹುಣ್ಣು ಈಗ ರೂಪಾಯಿ ನಾಣ್ಯದಷ್ಟೇ ಇರಬೇಕಿತ್ತು!

ಎರಡು ವರ್ಷದ ಹಿಂದೆ ಪಿಕಪ್ ಮಗುಚಿ ಬೆನ್ನುಹುರಿಗೆ ಪೆಟ್ಟು ಬಿದ್ದಾಗಿನಿಂದ ದೀಪುವಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಅಡ್ಡಗದ್ದೆಯಿಂದ ಕೊಪ್ಪದ ಆಸ್ಪತ್ರೆಗೆ ಅವನನ್ನು ಮತ್ತೆ ಮತ್ತೆ ಹೊತ್ತು ತರುವುದು ಬೇಡವೆಂದು ಶ್ರೀವಿದ್ಯಾ ಅವರೇ ಈ ಏರ್ಪಾಡು ಮಾಡಿದ್ದರು. ಹುಣ್ಣಿನ ಪಕ್ಕ ಅಳತೆಗೆಂದು ಸಣ್ಣ ಹಸಿರು ಸ್ಟಿಕ್ಕರ್ ಅಂಟಿಸಿ ಹೆಂಡತಿ ದಿವ್ಯ ಫೋಟೊ ತೆಗೆಯುವುದು, ಆಪ್ ಅಳೆಯುವುದು, ಅವರು ಕೊಪ್ಪದಲ್ಲೇ ಕೂತು ನೋಡುವುದು. ಕೂತರೆ ಹುಣ್ಣಿನ ಮೇಲೆ ಭಾರ ಬೀಳುವುದರಿಂದ ಒಂದು ಷರತ್ತನ್ನೂ ಹಾಕಿದ್ದರು: ಗೆರೆ ಇಳಿದರೆ ದೀಪು ಗಾಲಿಕುರ್ಚಿಯಲ್ಲಿ ತನ್ನ ಅಂಗಡಿಗೆ ಹೋಗಬಹುದು, ಏರಿದರೆ ಹಾಸಿಗೆಯೇ ಗತಿ.

“ಯಾರ ಫೋಟೊ ಕಳಿಸಿದ್ದೆ ನೀನು?” ಶ್ರೀವಿದ್ಯಾ ದಿವ್ಯಳತ್ತ ತಿರುಗಿದರು. “ಇನ್ಯಾರದೋ ಹುಣ್ಣಿನದ್ದಾ? ಮಗ್ಗುಲು ಬದಲಿಸೋದಕ್ಕೆ ಬೇಜಾರು, ಡ್ರೆಸ್ಸಿಂಗಿಗೆ ಬೇಜಾರು—ಫೋಟೊದಲ್ಲಾದರೂ ಗಂಡ ಗುಣವಾಗಲಿ ಅಂತಲಾ?”

ವಾರ್ಡಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ದಿವ್ಯ ಕೈಯಲ್ಲಿದ್ದ ಚೀಲವನ್ನು ಎದೆಗವಚಿಕೊಂಡಳು. ಅತ್ತೆ ಸುಲೋಚನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಎಂತ ಮಾಡಿದ್ಯೇ ಮಾರಾಯ್ತಿ...” ಎಂದರು. ದೀಪು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಿರುಗಲಿಲ್ಲ.

ಹುಣ್ಣು ತೊಳೆದು, ಸತ್ತ ಚರ್ಮ ಕತ್ತರಿಸಿ, ಔಷಧಿ ಹಾಕಿಸಿದ ಮೇಲೆ ಶ್ರೀವಿದ್ಯಾ ತಮ್ಮ ಕೋಣೆಗೆ ಬಂದರು. ಮೊದಲ ಅನುಮಾನ ಆಪ್ ಮೇಲೆ. ತಮ್ಮ ಡ್ರಾಯರಿನಲ್ಲಿದ್ದ ಸ್ಟಿಕ್ಕರ್ ಒಯ್ದು ದೀಪುವಿನ ಹುಣ್ಣಿನ ಪಕ್ಕ ಅಂಟಿಸಿ ತಾವೇ ಫೋಟೊ ತೆಗೆದರು. ಅಳತೆ ಸರಿಯಾಗಿ ಬಂತು. ಆಪ್‌ನದೇನೂ ತಪ್ಪಿಲ್ಲ.

ಹಾಗಾದರೆ ಫೋಟೊಗಳೇ ಬೇರೆಯವರದಾ? ಹಳೆಯದನ್ನೆಲ್ಲ ಒಂದೊಂದಾಗಿ ತೆರೆದರು. ತೆರೆಯುತ್ತ ಹೋದಂತೆ ಮುಖ ಬಿಸಿಯಾಯಿತು. ಈ ಚಿತ್ರಗಳನ್ನು ಅವರು ನೋಡುತ್ತಿದ್ದುದು ಇದೇ ಮೊದಲು! ವಾರವಾರವೂ ಗೆರೆಯ ತುದಿ ನೋಡಿ ‘ಚೆನ್ನಾಗಿದೆ’ ಎಂದು ಬರೆದು ಮುಗಿಸುತ್ತಿದ್ದರು.

ಹುಣ್ಣು ದೀಪುವಿನದೇ. ಎಡಕ್ಕೆ, ಹುಣ್ಣು ತೊಳೆಯುವಾಗ ಕಂಡಿದ್ದ ಅದೇ ಕರಿಮಚ್ಚೆ. ಫೋಟೊವನ್ನು ಹಿಗ್ಗಿಸಿ ನೋಡಿದರು. ಮೊದಲ ವಾರದ್ದನ್ನೂ ಕೊನೆಯ ವಾರದ್ದನ್ನೂ ಅಕ್ಕಪಕ್ಕ ಇಟ್ಟರು. ಮಚ್ಚೆಯ ಮೇಲೆ ಬೆರಳೆಳೆದು ಅದನ್ನೂ ಆಪ್‌ನಿಂದ ಅಳೆಯಿಸಿದರು. ಆಮೇಲೆ ದಿವ್ಯಳನ್ನು ಕರೆಸಿದರು.

“ಆ ಸ್ಟಿಕ್ಕರ್ ಹಾಳೆ ಇದೆಯಾ ನಿಮ್ಮ ಹತ್ತಿರ?”

ದಿವ್ಯ ಚೀಲದಿಂದ ತೆಗೆದುಕೊಟ್ಟಳು.

“ನಾವು ಕೊಟ್ಟಿದ್ದು ಖಾಲಿಯಾಗಿರಬೇಕಲ್ಲ? ಇದನ್ನ ಯಾರು ಕೊಟ್ಟರು?”

“ನಮ್ಮನೆಯವರೇ. ಆಸ್ಪತ್ರೆಯೋರು ಅಂಗಡಿಗೆ ಕಳಿಸಿದಾರೆ ಅಂದ್ರು. ಯಾಕೆ ಮೇಡಂ?”

ಶ್ರೀವಿದ್ಯಾ ಸ್ಕೇಲ್ ಎತ್ತಿಕೊಂಡು ವಾರ್ಡಿಗೆ ನಡೆದರು.

“ದೀಪು, ನಿಮ್ಮ ಅಂಗಡಿಯಲ್ಲಿ ಜೆರಾಕ್ಸ್ ಮಷಿನ್ ಇದೆ ಅಲ್ವಾ? ಕಲರ್‌ದು?”

ದೀಪು ಹೊದಿಕೆಯನ್ನು ಹೆಗಲವರೆಗೆ ಎಳೆದುಕೊಂಡ.

“ಹುಣ್ಣು ಕಮ್ಮಿಯಾಗಬಹುದು. ಆದರೆ ಮಚ್ಚೆ ಯಾಕೆ ಕಮ್ಮಿಯಾಯ್ತು? ವಾರವಾರವೂ ಹುಣ್ಣಿನ ಜೊತೆಗೇ ಕುಗ್ಗಿದೆ. ಯಾವ ಔಷಧಿಗೂ ಮಚ್ಚೆ ಕುಗ್ಗಲ್ಲ. ಅಂದರೆ ಅಳತೆಯೇ ಸುಳ್ಳು.” ಅವರು ಸ್ಟಿಕ್ಕರಿನ ಮೇಲೆ ಸ್ಕೇಲ್ ಇಟ್ಟು ತೋರಿಸಿದರು. “ನಾವು ಕೊಟ್ಟಿದ್ದು ಒಂದು ಸೆಂಟಿಮೀಟರ್. ಇದು ಸುಮಾರು ಎರಡು. ಸ್ವಲ್ಪಸ್ವಲ್ಪವೇ ದೊಡ್ಡದು ಮಾಡುತ್ತ ಬಂದಿದ್ದೀರಿ. ಆಪ್ ಇದನ್ನ ಒಂದೇ ಸೆಂಟಿಮೀಟರ್ ಅಂತ ನಂಬುತ್ತೆ, ಪಕ್ಕದಲ್ಲಿರೋದನ್ನೆಲ್ಲ ಸಣ್ಣದು ಮಾಡುತ್ತೆ. ಫೋಟೊ ತೆಗೆದವರಿಗೆ ಗೊತ್ತೇ ಇರಲಿಲ್ಲ. ಮೋಸ ಮಾಡಿದ್ದು ನೀವು, ದೀಪು.”

ಸುಲೋಚನಮ್ಮ ಕೂತಲ್ಲೇ ಮಗನ ಬೆನ್ನು ನೋಡಿದರು.

ಗೋಡೆಯ ಕಡೆಯಿಂದ ದೀಪುವಿನ ದನಿ ಬಂತು. “ಹಾಸಿಗೇಲಿ ಬಿದ್ರೆ ಎಲ್ಲಾ ಇವ್ಳೇ ಮಾಡ್ಬೇಕು ಮೇಡಂ. ಉಚ್ಚೆ, ಕಕ್ಕಸು, ಎಲ್ಲಾ. ನೋಡಕ್ ಬಂದೋರು ಪಾಪ ಅಂತಾರೆ. ಅಂಗಡೀಲಿ ಕೂತ್ರೆ ಮಾತ್ರ ಜನ ‘ದೀಪಣ್ಣ, ಒಂದು ಪಹಣಿ ತೆಗ್ದುಕೊಡು’ ಅಂತಿದ್ರು. ಅದನ್ನ ಬಿಡಕ್ಕೆ ಆಗ್ಲಿಲ್ಲ.” ಉಸಿರೆಳೆದುಕೊಂಡ. “ಬೆಳಿಗ್ಗೆ ಇವ್ಳಿಗೆ ಬೈಯ್ತಿದ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ನಾಲಿಗೆ ಏಳ್ಲಿಲ್ಲ. ನಾಚಿಕೆ ಆಯ್ತು.”

ಶ್ರೀವಿದ್ಯಾ ದಿವ್ಯಳತ್ತ ತಿರುಗಿದರು. ಬೆಳಿಗ್ಗೆ ಬೈದಷ್ಟೇ ಗಟ್ಟಿಯಾಗಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದರು: “ತಪ್ಪು ನನ್ನದು. ವಿಚಾರಿಸದೆ ನಿಮ್ಮನ್ನ ಬೈದೆ. ಕ್ಷಮಿಸಿ.”

ದಿವ್ಯ ತಲೆಯಾಡಿಸಲಿಲ್ಲ. “ನಾನು ಫೋನ್ ಮಾಡಿದ್ದೆ ಮೇಡಂ. ದೊಡ್ಡದಾಗಿ ಕಾಣ್ತದೆ, ವಾಸನೆ ಬತ್ತದೆ ಅಂದೆ. ನೀವು ‘ರಿಪೋರ್ಟ್ ಚೆನ್ನಾಗಿದೆ, ಸುಮ್ನೆ ಗಾಬರಿ ಮಾಡ್ಕೋಬೇಡ’ ಅಂದ್ರಿ. ಆಮೇಲೆ ನನ್ ಕಣ್ಣೇ ಸರಿಯಿಲ್ಲ ಅಂತ ಸುಮ್ನಾದೆ.”

ಆ ಕರೆ ಶ್ರೀವಿದ್ಯಾಗೆ ನೆನಪಿತ್ತು. ಕಾರಿಡಾರಿನಲ್ಲಿ ನಡೆಯುತ್ತಲೇ ಮಾತಾಡಿ ಮುಗಿಸಿದ್ದ ಕರೆ. ಕೈಯಲ್ಲಿದ್ದ ಸ್ಕೇಲನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

“ಮೇಡಂ,” ದೀಪು ಮೆಲ್ಲಗೆ ಕರೆದ, “ಆ ಫೋಟೊ ಒಂದ್ಸಲ ತೋರಿಸ್ತೀರಾ? ನಾನು ಬರೀ ನಂಬರ್ ನೋಡ್ತಿದ್ದೆ.”

ಅವರು ಹಾಸಿಗೆಯ ಆ ಬದಿಗೆ ಹೋಗಿ, ಗೋಡೆಗೂ ಮಂಚಕ್ಕೂ ನಡುವೆ ನಿಂತು ಫೋನನ್ನು ಅವನ ಕಣ್ಣೆದುರು ಹಿಡಿದರು. ದೀಪು ನೋಡಿದ. ನೋಡುತ್ತಲೇ ಇದ್ದ.

“ದಿವ್ಯ,” ಎಂದ, “ಇದನ್ನ ನೀನು ದಿನಾ ತೊಳೀತಿದ್ಯಾ?”

“ಹ್ಞೂಂ,” ಎಂದಳು ದಿವ್ಯ.