ಮೂರನೇ ಶನಿವಾರದ ಬಾಕಿ

ಶನಿವಾರದ ಮೀಟಿಂಗಿನಲ್ಲಿ ಸಂಘಮಿತ್ರ ಎಲ್ಲರನ್ನೂ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಈ ವಾರ ಏನಾಯಿತು, ಏನಾಗಲಿಲ್ಲ, ಮುಂದಿನ ವಾರ ಏನು. ಹೇಗಿದ್ದೀರಿ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಅವಳನ್ನೂ ಯಾರೂ ಕೇಳುತ್ತಿರಲಿಲ್ಲ. ಅದು ಅವಳಿಗೆ ಹಿತವಾಗಿತ್ತು.

ಆಫೀಸು ಚಿಕ್ಕಬಳ್ಳಾಪುರದ ಬಜಾರಿನಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ರೇಷ್ಮೆ ನೂಲು ಬಿಚ್ಚುವ ಹೆಂಗಸರ ಆರೋಗ್ಯಕ್ಕೆ ಸರ್ಕಾರ ಎಂಥ ನೀತಿ ತರಬೇಕು ಎಂಬುದು ಅಲ್ಲಿ ನಡೆಯುತ್ತಿದ್ದ ಅಧ್ಯಯನ. ಮುಖ್ಯಸ್ಥರು ಮಧುಸೂದನ್ ಸರ್. ಶಿಡ್ಲಘಟ್ಟ, ಗೌರಿಬಿದನೂರು ಅಂಬರೀಶನದು, ಚಿಂತಾಮಣಿ ತನುಶ್ರೀಯದು. ಯಾರ ಕೆಲಸ ಆ ವಾರ ಎಷ್ಟು ಸಾಗಿತು ಎಂದು ನೋಡಿಕೊಳ್ಳುವುದು ಸಂಘಮಿತ್ರಳದು. ವರದಿ ಮಾರ್ಚ್ ಮುಗಿಯುವುದರೊಳಗೆ ಹೋಗಬೇಕು. ಆಮೇಲೆ ತಂಡವೂ ಇರುವುದಿಲ್ಲ.

ಗೋಡೆಯ ಬಿಳಿ ಬೋರ್ಡಿನ ಮೇಲೆ ಅವಳೇ ತಂದ ಒಂದು ನಿಯಮವಿತ್ತು. ಯಾವುದೇ ಕೆಲಸ ಮೂರು ಶನಿವಾರ 'ಬಾಕಿ' ಎಂದೇ ಉಳಿದರೆ ಅದನ್ನು ಯೋಜನೆಯಿಂದ ತೆಗೆದುಹಾಕಬೇಕು.

"ಅಲೀಪುರದ ಗುಂಪು ಚರ್ಚೆ?" ಎಂದು ಅವಳು ಕೇಳಿದಳು.

"ಬಾಕಿ ಮೇಡಂ," ಎಂದ ಅಂಬರೀಶ್. "ಹೋದಾಗೆಲ್ಲ ಯಾರ್ದಾದ್ರೂ ಮನೇಲಿ ಮದುವೆ. ಊಟ ಹಾಕಿ ಕಳಿಸ್ತಾರೆ. ಬಿರಿಯಾನಿ ಮಾತ್ರ ಪ್ರತಿ ವಾರಾನೂ ಕಂಪ್ಲೀಟ್ ಆಗ್ತಿದೆ."

ತನುಶ್ರೀ ನಕ್ಕಳು. ಮಧುಸೂದನ್ ಸರ್ ಕನ್ನಡಕ ಒರೆಸಿಕೊಳ್ಳುತ್ತ ನಕ್ಕರು. ಸಂಘಮಿತ್ರ ಡಸ್ಟರ್ ತೆಗೆದುಕೊಂಡು ಅಲೀಪುರವನ್ನು ಒರೆಸಿದಳು. ಅದು ಆ ಕೆಲಸದ ಮೂರನೇ ಶನಿವಾರವಾಗಿತ್ತು.

"ಸ್ವಲ್ಪಾನೂ ಕರುಣೆ ಇಲ್ಲಪ್ಪ," ಎಂದು ಅಂಬರೀಶ್ ತನುಶ್ರೀಗೆ ಹೇಳಿದ. ಹೇಳಿದ್ದು ತನುಶ್ರೀಗೆ, ಆದರೆ ನೋಡಿದ್ದು ಡಸ್ಟರ್ ಹಿಡಿದ ಕೈಯನ್ನು. ಆ ನೋಟ ಕೈಯಿಂದ ಮೊಣಕೈಗೆ, ಮೊಣಕೈಯಿಂದ ಕೆನ್ನೆಗೆ ಬಂದು, ಅಲ್ಲಿ ತಡೆದು, ಕಿಟಕಿಯ ಕಡೆ ಹೋಯಿತು. ಅವಳಿಗೆ ಅದು ಗೊತ್ತಾಯಿತು. ಬೇರೆ ಮನೆಯ ಕರೆಗಂಟೆ ಕೇಳಿದ ಹಾಗೆ ಗೊತ್ತಾಯಿತು, ಅಷ್ಟೆ.

ಹಿಂದಿನ ಬುಧವಾರ ಗೌರಿಬಿದನೂರಿನಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಅವನು ಕೇಳಿದ್ದ. ಬಸ್ಸು ಮಂಚೇನಹಳ್ಳಿಯಲ್ಲಿ ನಿಂತಿತ್ತು. ಕಡಲೆಕಾಯಿ ಮಾರುವವಳು ಕಿಟಕಿಗೆ ಪೊಟ್ಟಣ ಚಾಚಿದಳು. ಅವನು ಒಂದು ಪೊಟ್ಟಣ ಕೊಂಡು ಸಂಘಮಿತ್ರಳ ಕೈಗೆ ಕೊಟ್ಟ.

"ಸಂಘಮಿತ್ರ, ನಾವಿಬ್ರೂ ಮದುವೆ ಆಗೋಣ್ವಾ?"

ಅವಳು ಒಂದು ಕಡಲೆಕಾಯಿ ಸುಲಿದಳು. ಏನಾದರೂ ಅನ್ನಿಸಲಿ ಎಂದು ಕಾದಳು. ಎದೆ ಮಾಮೂಲಿಯಂತೆ ಬಡಿಯುತ್ತಿತ್ತು. ಹೊರಗೆ ಹೊಲ, ಹೊಲದಾಚೆ ಬಂಡೆ, ಬಂಡೆಯ ಮೇಲೆ ಬಿಸಿಲು. ಎಲ್ಲವೂ ಗಾಜಿನ ಆಚೆ ಇದ್ದವು. ಅಮ್ಮ ತೀರಿಕೊಂಡ ಆಷಾಢದಿಂದಲೂ ಎಲ್ಲವೂ ಹಾಗೆಯೇ ಇತ್ತು. ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೂ ಅವಳಿಗೆ ಅಳು ಬಂದಿರಲಿಲ್ಲ. ಆ ಶನಿವಾರ ಮೀಟಿಂಗಿಗೆ ಬಂದು ಮೂರು ಪ್ರಶ್ನೆ ಕೇಳಿದ್ದಳು.

"ಮುಂದಿನ ವಾರ ಹೇಳ್ತೀನಿ," ಎಂದಳು.

"ಆಯ್ತು ಮೇಡಂ," ಎಂದು ಅವನು ನಕ್ಕ. "ಬರ್ಕೊಳ್ಳಿ. ಅಂಬರೀಶ್, ಮದುವೆ ವಿಷಯ, ಬಾಕಿ."

ಅವಳೂ ನಕ್ಕಳು. ತಪ್ಪು ಆಗಿದ್ದು ಅಲ್ಲೇ. ಇಬ್ಬರೂ ಅದನ್ನು ಒಂದು ಆಟ ಮಾಡಿಕೊಂಡರು. ಆಟದ ನಿಯಮ ಮಾತ್ರ ಅವಳದೇ ಆಗಿತ್ತು.

ಅಲೀಪುರವನ್ನು ಒರೆಸಿದ ಆ ಶನಿವಾರ, ಮೀಟಿಂಗ್ ಮುಗಿದು ಕೆಳಗೆ ಟೀ ಕುಡಿಯುವಾಗ ಅವನು ಹುಬ್ಬು ಏರಿಸಿದ.

"ಸ್ಟೇಟಸ್ ಏನು ಮೇಡಂ?"

"ಬಾಕಿ."

"ಕಾರಣ?"

"ಇನ್ನೂ ಮಾಹಿತಿ ಬೇಕು."

"ಏನ್ ಮಾಹಿತಿ? ಕೇಳಿ. ಮುದ್ದೆ ಮಾಡಕ್ಕೆ ಬರುತ್ತೆ. ಗೊರಕೆ ಇಲ್ಲ. ಇದ್ರೂ ನನಗೆ ಕೇಳ್ಸಿಲ್ಲ."

ಎರಡನೇ ಶನಿವಾರ ಅವನು ಟೀ ಲೋಟವನ್ನು ಅವಳ ಲೋಟಕ್ಕೆ ಮೆಲ್ಲಗೆ ತಾಕಿಸಿ, ಕಣ್ಣಲ್ಲೇ ಕೇಳಿದ. ಅವನ ರೆಪ್ಪೆಯ ತುದಿಯಲ್ಲಿ ರಸ್ತೆಯ ಧೂಳಿತ್ತು. ಒರೆಸಬೇಕು ಎಂದು ಅವಳು ಯೋಚಿಸಿದಳು. ಯೋಚನೆ ಕೈಗೆ ಇಳಿಯಲಿಲ್ಲ.

"ಬಾಕಿ," ಎಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಕಾಯುತ್ತಿದ್ದಳು. ಹೂಂ ಎನ್ನುವವರಿಗೆ ಮೊದಲು ಸಂತೋಷವಾಗುತ್ತದೆ, ಆ ಸಂತೋಷ ಬಂದ ದಿನ ಹೇಳಿದರಾಯಿತು ಎಂದುಕೊಂಡಿದ್ದಳು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಬಂತೇ ಎಂದು ನೋಡಿಕೊಳ್ಳುತ್ತಿದ್ದಳು. ಬಂದಿರುತ್ತಿರಲಿಲ್ಲ. ಬಾಚಣಿಗೆಯನ್ನು ಅದರ ಜಾಗದಲ್ಲಿಟ್ಟು ಆಫೀಸಿಗೆ ಹೊರಡುತ್ತಿದ್ದಳು.

ಮೂರನೇ ಶನಿವಾರ ಅವನು ಹುಬ್ಬು ಏರಿಸಲಿಲ್ಲ. ಟೀಗೆ ದುಡ್ಡು ಕೊಟ್ಟು, ಚೀಲ ಹೆಗಲಿಗೆ ಹಾಕಿಕೊಂಡ.

"ಕೇಳಲ್ವಾ?" ಎಂದಳು ಅವಳು.

"ಮೂರು ವಾರ ಆಯ್ತಲ್ಲ. ತೆಗೆದುಬಿಟ್ಟೆ." ಅವನ ದನಿಯಲ್ಲಿ ಕೊಂಕಿರಲಿಲ್ಲ. "ನಿಮ್ಮ ರೂಲು ಸರಿಯಾಗೇ ಇದೆ. ಆಗ್ದೇ ಇರೋದನ್ನ ಹಿಡ್ಕೊಂಡು ಕೂತ್ರೆ ಬೇರೆ ಕೆಲ್ಸಾನೂ ಆಗಲ್ಲ. ರಾಯಚೂರಲ್ಲಿ ಒಂದು ಪ್ರಾಜೆಕ್ಟ್ ಇದೆಯಂತೆ. ಏಪ್ರಿಲ್‌ಗೆ ಬರ್ತೀಯಾ ಅಂತ ಕೇಳಿದ್ರು. ಸೋಮವಾರ ಸಂಜೆ ಫೋನ್ ಮಾಡಿ ಹೂಂ ಅಂತೀನಿ."

"ಒಳ್ಳೇದು," ಎಂದಳು ಅವಳು.

ಅವನು ರಸ್ತೆ ದಾಟಿದ. ಒಂದು ಲಾರಿ ಅಡ್ಡ ಬಂತು. ಲಾರಿ ಹೋದಾಗ ಅವನಿರಲಿಲ್ಲ. ಅವಳು ಮೇಲೆ ಹೋಗಿ ಮುಂದಿನ ವಾರದ ಕೆಲಸಗಳನ್ನು ಬೋರ್ಡಿನ ಮೇಲೆ ಬರೆದಳು. ಅಕ್ಷರ ಎಂದಿನಂತೆ ನೇರವಾಗಿ ಬಂತು. ನೋವೇನೂ ಆಗಲಿಲ್ಲ. ಆಗದೇ ಇದ್ದದ್ದಕ್ಕೇ ಅವಳು ಹೆದರಿದಳು. ಹೀಗೆಯೇ ಒಬ್ಬೊಬ್ಬರೂ ರಸ್ತೆ ದಾಟಿ ಹೋಗುತ್ತಾರೆ, ನಾನು ನೇರ ಅಕ್ಷರದಲ್ಲಿ ಬರೆಯುತ್ತಿರುತ್ತೇನೆ ಎಂದುಕೊಂಡಳು.

ಸೋಮವಾರ ಅವಳು ಆಫೀಸಿಗೆ ಹೋಗಲಿಲ್ಲ. ಶಿಡ್ಲಘಟ್ಟದ ಬಸ್ಸು ಹತ್ತಿದಳು.

ದಿಬ್ಬೂರಹಳ್ಳಿ ರಸ್ತೆಯ ಪಕ್ಕ, ಶೀಟು ಹೊದಿಸಿದ ಒಂದು ನೂಲು ಬಿಚ್ಚುವ ಘಟಕದಲ್ಲಿ ಅಂಬರೀಶ್ ನೆಲದ ಮೇಲೆ ಕುಳಿತು ಪ್ರಶ್ನೆ ಕೇಳುತ್ತಿದ್ದ. ಹಬೆ, ಬೆಂದ ಹುಳುವಿನ ವಾಸನೆ, ಚರಕಗಳ ಸದ್ದು. ಅವನ ಎದುರು ಕದಿರಮ್ಮ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸುತ್ತ ಗೂಡುಗಳಿಂದ ಎಳೆ ಹುಡುಕುತ್ತಿದ್ದಳು. ಸಂಘಮಿತ್ರಳನ್ನು ಕಂಡು ಅವನು ಎದ್ದು ನಿಂತ.

"ಮೇಡಂ? ಚೆಕಿಂಗಾ?"

"ಹೂಂ," ಎಂದಳು.

ಕದಿರಮ್ಮ ಇಬ್ಬರನ್ನೂ ನೋಡಿದಳು. "ಏಮಿ ಸಾರ್, ಬೆಳಿಗ್ಗೆಯಿಂದ ಮುಖ ಗಂಟು ಹಾಕ್ಕೊಂಡಿದ್ದು ಈಯಮ್ಮನ ಮ್ಯಾಲೇನಾ?"

"ಕದಿರಮ್ಮ, ನೀವು ಪ್ರಶ್ನೆಗೆ ಉತ್ತರ ಹೇಳಿ," ಎಂದ ಅವನು. ಕಿವಿ ಕೆಂಪಾಗಿತ್ತು.

"ನನ್ನ ಉತ್ತರ ಎಲ್ಲಿಗೋಯ್ತದೆ. ಮೊದಲು ನೀವು ಹೇಳ್ಕೊಳ್ರಪ್ಪ. ಪಾಪ, ಅಷ್ಟು ದೂರದಿಂದ ಬಂದೌಳೆ."

ಪಕ್ಕದ ಚರಕದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸಂಘಮಿತ್ರ ಕದಿರಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು. ತುದಿಗಳು ಬೆಳ್ಳಗೆ ನೆನೆದು, ಸುಕ್ಕಾಗಿದ್ದವು.

"ಸುಡಲ್ವೇನಮ್ಮ?" ಎಂದು ಕೇಳಿದಳು. ಅದು ಪ್ರಶ್ನಾವಳಿಯಲ್ಲಿದ್ದ ಪ್ರಶ್ನೆಯಲ್ಲ.

"ಇಲ್ಲಿ ಕೂತಾಗ ಏನೂ ಗೊತ್ತಾಗಲ್ಲ ಕಣಮ್ಮ. ಮನೆಗೋಗಿ ಸಾರಿನಾಗೆ ಕೈಯಿಕ್ಕಿದಾಗ ಉರೀತದೆ. ಆಗ ಬೈಕೋತೀನಿ." ಕದಿರಮ್ಮ ಎಳೆಯನ್ನು ಚರಕದ ಕೊಂಡಿಗೆ ಹಾಕಿದಳು. "ಹೋಗ್ರಿ, ಹೋಗ್ರಿ. ಈ ಹೊಗೇಲಿ ನಿಂತು ಏನ್ ಮಾತಾಡ್ತೀರಾ."

ಇಬ್ಬರೂ ಹೊರಗೆ ಬಂದರು. ರಸ್ತೆಯಾಚೆ ಹಿಪ್ಪುನೇರಳೆ ತೋಟ. ಅವನು ಗಡಿಯಾರ ನೋಡಿಕೊಂಡ.

"ಫೋನ್ ಮಾಡಿದ್ರಾ?" ಎಂದಳು.

"ಸಂಜೆ ಮಾಡ್ತೀನಿ."

"ಅಂಬರೀಶ್, ನನಗೆ ಸಂತೋಷ ಆಗ್ತಿಲ್ಲ." ಅವಳು ತೋಟವನ್ನು ನೋಡುತ್ತ ಹೇಳಿದಳು. "ದುಃಖಾನೂ ಆಗ್ತಿಲ್ಲ. ಅಮ್ಮ ಹೋದ್ಮೇಲೆ ಯಾವ್ದೂ ಆಗ್ತಿಲ್ಲ. ನೀವು ಕೇಳಿದಾಗ ಏನಾದ್ರೂ ಆಗುತ್ತೆ ಅಂತ ಕಾದೆ. ಆದ್ಮೇಲೆ ಹೇಳಣ ಅಂತ ಮೂರು ವಾರ ಕಾದೆ. ಬೇಡ ಅಂತಲ್ಲ. ಯಾವತ್ತೂ ಬೇಡ ಅಂತ ಇರ್ಲಿಲ್ಲ."

ಅವನು ಪ್ರಶ್ನಾವಳಿಯ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದ.

"ನಾನು ಬೇಡ ಅಂತಾನೇ ಅಂದ್ಕೊಂಡಿದ್ದೆ," ಎಂದ. "ಮುಖದ ಮೇಲೆ ಹೇಳಕ್ಕಾಗ್ದೆ ಬಾಕಿ, ಬಾಕಿ ಅಂತಿದೀರ ಅಂತ."

"ಇಲ್ಲ."

"ಮತ್ತೆ ಇವತ್ತು ಯಾಕೆ ಬಂದ್ರಿ? ಏನೂ ಆಗ್ತಿಲ್ಲ ಅಂದ್ರೆ?"

"ಗೊತ್ತಿಲ್ಲ. ಕಾಲು ಆ ಬಸ್ ಹತ್ತಿಬಿಡ್ತು." ಅವಳು ಈಗ ಅವನನ್ನು ನೋಡಿದಳು. "ಸುಳ್ಳು ನಗು ನಗಕ್ಕೆ ನನಗೆ ಬರಲ್ಲ. ಮದುವೆ ದಿನಾನೂ ಹೀಗೇ ಇದ್ರೆ ಏನ್ ಮಾಡ್ತೀಯಾ?"

'ಮಾಡ್ತೀಯಾ' ಎಂದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಅವನ ಬಾಯಿಯ ಒಂದು ಮೂಲೆ ಮಾತ್ರ ನಗಲು ಶುರು ಮಾಡಿತು, ಇನ್ನೊಂದು ಮೂಲೆಗೆ ಧೈರ್ಯವಿರಲಿಲ್ಲ.

"ಪಕ್ಕದಲ್ಲಿ ಕೂತಿರ್ತೀನಿ. ಫೋಟೋದಲ್ಲಿ ಇಬ್ರ ನಗೂನೂ ನಾನೇ ನಗ್ತೀನಿ. ನಾನು ಸಂತೋಷ ಕೇಳಿರ್ಲಿಲ್ಲ ಸಂಘಮಿತ್ರ. ಜೊತೇಲಿ ಇರ್ತೀಯಾ ಅಂತ ಕೇಳ್ದೆ."

"ಇರ್ತೀನಿ."

"ರಾಯಚೂರಿಗೆ?"

"ಹೂಂ ಅಂತ ಹೇಳು. ಅಲ್ಲೂ ಶನಿವಾರ ಶನಿವಾರ ನಿನ್ನ ಹಿಡಿದು ಕೇಳೋರು ಬೇಕಲ್ಲ."

ದಿಬ್ಬೂರಹಳ್ಳಿ ಕಡೆಯಿಂದ ಬಂದ ಬಸ್ಸು ಅವರಿಗಾಗಿ ನಿಧಾನ ಮಾಡಿ, ಇಬ್ಬರೂ ಅಲ್ಲಾಡದ್ದನ್ನು ನೋಡಿ ಮುಂದೆ ಹೋಯಿತು. ಧೂಳು ಏರಿ, ಇಳಿಯಿತು. ಸಂಘಮಿತ್ರ ಕಾದಳು. ಆಗಲೂ ಸಂತೋಷ ಬರಲಿಲ್ಲ. ಹೊಟ್ಟೆಯೊಳಗೆ ಬೇರೇನೋ ಎದ್ದಿತು. ಅದೇನೆಂದು ಅವಳಿಗೆ ತಕ್ಷಣ ಗುರುತು ಹತ್ತಲಿಲ್ಲ.

"ಏನು?" ಎಂದ ಅವನು, ಗಾಬರಿಯಾಗಿ.

"ಹಸಿವಾಗ್ತಿದೆ ಕಣೋ."

ರಸ್ತೆಯ ತಿರುವಿನಲ್ಲಿ ಒಂದು ಗುಡಿಸಲು ಹೋಟೆಲಿತ್ತು. ಮುದ್ದೆ, ಹುರುಳಿಕಾಳಿನ ಸಾರು. ಅವನು ತಟ್ಟೆ ಮುಟ್ಟದೆ ಅವಳು ತಿನ್ನುವುದನ್ನೇ ನೋಡುತ್ತ ಕುಳಿತ. ಅವಳು ಒಂದು ಮುದ್ದೆ ಮುಗಿಸಿ, ಅವನ ತಟ್ಟೆಯ ಕಡೆ ಕೈ ಚಾಚಿದಳು.